ಸೀಸದ ಗುಂಡಿನ ಅಚ್ಚು: ಒಲೆ ಹಚ್ಚುವ ಮೊದಲು ತಿಳಿಯೋಣ



ಬೀಸುಬಲೆಯ ಅಂಚಿಗೆ, ಕಂತಬಲೆಯ ಕೆಳಹಗ್ಗಕ್ಕೆ, ಗಾಳದ ದಾರಕ್ಕೆ ಭಾರ ಬೇಕೇ ಬೇಕು. ಭಾರ ಇಲ್ಲದ ಬಲೆ ಸರಿಯಾಗಿ ಮುಳುಗುವುದಿಲ್ಲ, ಮೀನು ಅಡಿಯಿಂದ ಜಾರಿ ಹೋಗ್ತದೆ. ಹಗ್ಗ ಸವೆದು, ಕಲ್ಲಿಗೆ ಸಿಕ್ಕಿ ಗುಂಡುಗಳು ಉದುರುವುದರಿಂದ ಮತ್ತೆ ಮತ್ತೆ ಕೊಳ್ಳಬೇಕು. ಹಾಗಾದರೆ ನಾವೇ ಎರಕ ಹೊಯ್ದು ಮಾರಬಹುದಲ್ಲ ಎಂಬ ಯೋಚನೆ ಬರುವುದು ಸಹಜ. ಅಚ್ಚು ಮಾಡುವುದು ಕಷ್ಟದ ಕೆಲಸವೇನಲ್ಲ. ಆದರೆ ಸೀಸ ಕರಗಿಸುವ ಕೆಲಸ ಮನೆಯೊಳಗೆ ಬರಬಾರದು. ಈ ಎರಡನ್ನೂ ಇಲ್ಲಿ ತಿಳಿಸುತ್ತೇವೆ.

ಅಚ್ಚು ಹೇಗೆ?

ಸೀಸ 327 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತದೆ, ಅಲ್ಯೂಮಿನಿಯಂ 660 ಡಿಗ್ರಿಯಲ್ಲಿ. ಆದ್ದರಿಂದ ಅಲ್ಯೂಮಿನಿಯಂ ಅಚ್ಚಿಗೆ ಕಾದ ಸೀಸ ಹೊಯ್ದರೂ ಅಚ್ಚು ಕರಗುವುದಿಲ್ಲ. ಅದನ್ನು ಕೊರೆಯುವುದೂ ಸುಲಭ.

1. ಸುಮಾರು 15 ಮಿ.ಮೀ. ದಪ್ಪ, 40 ಮಿ.ಮೀ. ಎತ್ತರದ ಎರಡು ಅಲ್ಯೂಮಿನಿಯಂ ತುಂಡು ಬೇಕು. ಮುಖಕ್ಕೆ ಮುಖ ಸೇರಿಸಿದಾಗ ಸಂದು ಇರಬಾರದು, ಇದ್ದರೆ ಸೀಸ ಸೋರ್ತದೆ.

2. ತುಂಡುಗಳು ಆಚೀಚೆ ಸರಿಯದಂತೆ ಎರಡು ಕಡೆ ಮೊಳೆಯಂಥ ಪಿನ್ ಕೂರಿಸಬೇಕು.

3. ಎರಡನ್ನೂ ಕ್ಲಾಂಪಿನಲ್ಲಿ ಬಿಗಿದು, ಕೂಡುಗೆರೆಯ ಮೇಲೆಯೇ ಮೇಲಿನಿಂದ 10 ಮಿ.ಮೀ. ಅಗಲದ ತೂತು, 25 ಮಿ.ಮೀ. ಆಳಕ್ಕೆ ಕೊರೆಸಬೇಕು. ಲೇತ್ ಅಂಗಡಿಯಲ್ಲಿ ಮಾಡಿಸಿದರೆ ನೇರವಾಗಿ ಬರ್ತದೆ.

4. ತೂತಿನ ತಳದ ನಡುವೆ ಇನ್ನೊಂದು ಸಪೂರ ತೂತು ಬೇಕು. ಅದರಲ್ಲಿ 3 ಮಿ.ಮೀ. ಉಕ್ಕಿನ ಕಡ್ಡಿ ನೆಟ್ಟಗೆ ನಿಲ್ಲಬೇಕು. ಗುಂಡಿನಲ್ಲಿ ಹಗ್ಗ ಪೋಣಿಸುವ ತೂತು ಆಗುವುದು ಈ ಕಡ್ಡಿಯಿಂದ. ಕೆಳತುದಿ ಸ್ವಲ್ಪ ಸಪೂರ ಇದ್ದರೆ ಕಡ್ಡಿ ಸುಲಭವಾಗಿ ಕಳಚ್ತದೆ.

5. ಅಚ್ಚಿನ ಒಳಮೈಗೆ, ಕಡ್ಡಿಗೆ ಮೇಣದ ಬತ್ತಿಯ ಮಸಿ ಹಿಡಿಸಿದರೆ ಗುಂಡು ಅಂಟುವುದಿಲ್ಲ.

ಒಂದು ಘನ ಸೆಂ.ಮೀ. ಸೀಸ 11 ಗ್ರಾಂಗಿಂತ ಸ್ವಲ್ಪ ಹೆಚ್ಚು ತೂಗುತ್ತದೆ. ಆ ಲೆಕ್ಕದಲ್ಲಿ ಈ ಅಚ್ಚಿನ ಗುಂಡು ಸುಮಾರು 20 ಗ್ರಾಂ ಬರ್ತದೆ.

ಕಣ್ಣಿಗೆ ಕಾಣುವ ಅಪಾಯ, ಕಾಣದ ಅಪಾಯ

ಕಾಣುವ ಅಪಾಯ ನೀರು. ಕಾದ ಸೀಸದಡಿ ಒಂದು ಹನಿ ನೀರು ಸಿಕ್ಕಿದರೂ ಅದು ಕ್ಷಣದಲ್ಲಿ ಸಾವಿರಾರು ಪಟ್ಟು ಉಬ್ಬಿ ಆವಿಯಾಗಿ ಸೀಸವನ್ನು ಮುಖಕ್ಕೆ ಸಿಡಿಸುತ್ತದೆ. ಅಚ್ಚನ್ನು ಮೊದಲೇ ಬಿಸಿಮಾಡಿ ಒಣಗಿಸಲೇಬೇಕು. ಒದ್ದೆ ಸೀಸದ ಚೂರನ್ನು ಪಾತ್ರೆಗೆ ಹಾಕಲೇಬಾರದು. ಮಳೆಯಲ್ಲಿ ಈ ಕೆಲಸ ಬೇಡ.

ಕಾಣದ ಅಪಾಯ ಹೊಗೆ ಮತ್ತು ಧೂಳು. ಕರಗಿದ ಸೀಸದ ಮೇಲೆ ಕಟ್ಟುವ ಬೂದು ಕಿಟ್ಟ ನುಣ್ಣಗಿನ ಪುಡಿಯಾಗಿ ನೆಲ, ಸೀರೆ, ಕೈಗೆ ಅಂಟುತ್ತದೆ. ಅಂಬೆಗಾಲಿಡುವ ಮಗು ನೆಲ ಮುಟ್ಟಿದ ಕೈಯನ್ನು ಬಾಯಿಗೆ ಹಾಕ್ತದೆ. ಹೊಟ್ಟೆಗೆ ಹೋದ ಸೀಸವನ್ನು ಮಕ್ಕಳ ದೇಹ ದೊಡ್ಡವರಿಗಿಂತ ನಾಲ್ಕೈದು ಪಟ್ಟು ಹೆಚ್ಚು ಹೀರಿಕೊಳ್ಳುತ್ತದೆ. ಮೆದುಳಿಗೆ ಆದ ಹಾನಿ ಮತ್ತೆ ಸರಿಯಾಗುವುದಿಲ್ಲ. ಗರ್ಭಿಣಿಯಿಂದ ಹೊಟ್ಟೆಯಲ್ಲಿರುವ ಮಗುವಿಗೂ ಸೀಸ ದಾಟುತ್ತದೆ. ಸೀಸಕ್ಕೆ ಸುರಕ್ಷಿತ ಪ್ರಮಾಣ ಎಂಬುದೇ ಇಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ.

ಆಫ್ರಿಕಾದ ಸೆನೆಗಲ್ ದೇಶದ ರಾಜಧಾನಿ ಡಕಾರ್ ಹತ್ತಿರ ತಿಯಾರೊಯ್ ಎಂಬ ಕಡಲತೀರದ ಊರಿದೆ. ಅಲ್ಲಿನ ಕಮ್ಮಾರರು ಹಳೆ ಬ್ಯಾಟರಿಯ ಸೀಸದಿಂದ ಬಲೆಗೆ ಗುಂಡು ಮಾಡುತ್ತಿದ್ದರು. ಮುಂದೆ ಸೀಸದ ಬೆಲೆ ಏರಿದಾಗ, ಆ ಜಾಗದ ಮಣ್ಣನ್ನು ಹೆಂಗಸರು ಜರಡಿ ಹಿಡಿದು ಸೀಸದ ಚೂರು ಹೆಕ್ಕಿ ಮಾರಿದರು. 2007ರ ನವೆಂಬರಿನಿಂದ 2008ರ ಮಾರ್ಚ್ ಒಳಗೆ ಅಲ್ಲಿ 18 ಮಕ್ಕಳು ತೀರಿಕೊಂಡರು. ಆ ತಾಯಂದಿರು ದುಡಿದದ್ದು ಮಕ್ಕಳ ಹೊಟ್ಟೆಗಾಗಿಯೇ. ಧೂಳಿನಲ್ಲಿ ವಿಷ ಇದೆ ಅಂತ ಅವರಿಗೆ ಹೇಳುವವರು ಇರಲಿಲ್ಲ.

ನಾವು ಪಾಲಿಸಬೇಕಾದ್ದು

• ಅಡುಗೆಮನೆ, ಜಗಲಿ, ಅಂಗಳದಲ್ಲಿ ಸೀಸ ಕರಗಿಸಬಾರದು. ಮನೆ, ಬಾವಿ, ಅಂಗನವಾಡಿಯಿಂದ ದೂರದ ಬಯಲು ಜಾಗ ಬೇಕು. ಗಾಳಿ ನಮ್ಮ ಬೆನ್ನ ಹಿಂದಿನಿಂದ ಬೀಸಬೇಕು.

• ಗರ್ಭಿಣಿಯರು, ಹಾಲೂಡಿಸುವ ತಾಯಂದಿರು, ಮಕ್ಕಳು ಹತ್ತಿರ ಇರಲೇಬಾರದು.

• ಹಳೆ ಬ್ಯಾಟರಿ ಒಡೆಯಬಾರದು. 2022ರ ಬ್ಯಾಟರಿ ತ್ಯಾಜ್ಯ ನಿಯಮಗಳ ಪ್ರಕಾರ ಅದು ಸಂಗ್ರಹ ಕೇಂದ್ರ ಅಥವಾ ಅಧಿಕೃತ ಮರುಬಳಕೆ ಘಟಕಕ್ಕೆ ಹೋಗಬೇಕು.

• ಸೀಸದ ಪಾತ್ರೆ, ಸೌಟು ಮತ್ತೆ ಅಡುಗೆಗೆ ಬೇಡ. ಕೆಲಸದ ಬಟ್ಟೆ ಬೇರೆ ಇರಲಿ, ಬೇರೆಯಾಗಿಯೇ ಒಗೆಯಿರಿ. ನೈಲಾನ್ ಸೀರೆ ಬೇಡ. ಕನ್ನಡಕ, ಚರ್ಮದ ಕೈಗವಸು, ಮುಚ್ಚಿದ ಚಪ್ಪಲಿ ಬೇಕು. ಬಾಯಿಗೆ ಕಟ್ಟಿದ ಸೆರಗು ಸೀಸದ ಹೊಗೆ ತಡೆಯುವುದಿಲ್ಲ.

• ಧೂಳು ಗುಡಿಸದೆ, ಜಾಗ ತಣ್ಣಗಾದ ಮೇಲೆ ಒದ್ದೆ ಬಟ್ಟೆಯಲ್ಲಿ ಒರೆಸಿ. ಸೋಪು ಹಾಕಿ ಕೈ ತೊಳೆಯದೆ ನೀರು, ಎಲೆ-ಅಡಿಕೆ ಮುಟ್ಟಬೇಡಿ.

• ಈ ಕೆಲಸ ಈಗಾಗಲೇ ಮಾಡ್ತಾ ಇದ್ದರೆ ವೈದ್ಯರಿಗೆ ಹೇಳಿ, ರಕ್ತದಲ್ಲಿ ಸೀಸದ ಪರೀಕ್ಷೆ ಮಾಡಿಸಿ. ಮಕ್ಕಳನ್ನೂ ಕರೆದುಕೊಂಡು ಹೋಗಿ. ಹೊಟ್ಟೆನೋವು, ಮಲಬದ್ಧತೆ, ರಕ್ತಹೀನತೆ ಇದರ ಲಕ್ಷಣಗಳು. ಕೆಲವರಲ್ಲಿ ಲಕ್ಷಣವೇ ಇರುವುದಿಲ್ಲ.

ಬೇರೆ ದಾರಿ ಇದೆಯಾ?

ಇದೆ. ಸುಟ್ಟ ಮಣ್ಣಿನ ಗುಂಡು ಬಲೆಗೆ ಕಟ್ಟುವುದು ಬಹಳ ಹಳೆಯ ಪದ್ಧತಿ. ಸಿಮೆಂಟ್ ಮರಳಿನ ಗಾರೆಯಿಂದಲೂ ಗುಂಡು ಮಾಡಬಹುದು. ಒಳಗೆ ಎಣ್ಣೆ ಸವರಿದ ದೊಡ್ಡ ಅಚ್ಚು ಸಾಕು, ಬೆಂಕಿಯೇ ಬೇಡ. ಆದರೆ ಒದ್ದೆ ಸಿಮೆಂಟ್ ಬರಿಗೈಯಲ್ಲಿ ಮುಟ್ಟಬೇಡಿ. ಲೆಕ್ಕ ಹೀಗಿದೆ: 100 ಗ್ರಾಂ ಸೀಸ ನೀರಿನಲ್ಲಿ ಸುಮಾರು 91 ಗ್ರಾಂನಷ್ಟು ಎಳೆಯುತ್ತದೆ, ಕಬ್ಬಿಣ 87, ಗಾರೆ 55. ಅಂದರೆ 100 ಗ್ರಾಂ ಸೀಸದ ಜಾಗದಲ್ಲಿ ಕಬ್ಬಿಣ 105 ಗ್ರಾಂ, ಗಾರೆ 165 ಗ್ರಾಂ ಇದ್ದರೆ ಸಾಕು. ಬೀಸುಬಲೆಗೆ ಗಾರೆ ಗುಂಡು ದಪ್ಪವಾಯಿತು. ಒಂದೇ ಕಡೆ ನಿಲ್ಲುವ ಬಲೆಗೆ ಅದೇ ನಡೀತದೆ.

ಮುಂದಿನ ಸಭೆಯಲ್ಲಿ ಸಾಲದ ಅರ್ಜಿ ಬರೆಯುವ ಮೊದಲು ಮೂರು ಪ್ರಶ್ನೆ ಕೇಳಿಕೊಳ್ಳಿ. ಮನೆಯಿಂದ ದೂರದ ಜಾಗ ಇದೆಯಾ? ಕೆಲಸ ಮಾಡುವವರು ಯಾರು, ಅವರ ಮನೆಯಲ್ಲಿ ಸಣ್ಣ ಮಕ್ಕಳಿದ್ದಾರಾ? ನಮ್ಮೂರಿನ ಬಲೆಗೆ ಕಬ್ಬಿಣ ಅಥವಾ ಗಾರೆ ಸಾಕಾಗ್ತದಾ? ಮೊದಲ ಪ್ರಶ್ನೆಗೆ ಉತ್ತರ ಇಲ್ಲ ಎಂದಾದರೆ ಸೀಸದ ಯೋಚನೆ ಅಲ್ಲಿಗೇ ಬಿಡೋಣ. ಸಾಲ ತೀರಿಸಲು ಇನ್ನೊಂದು ಕೆಲಸ ಹುಡುಕಬಹುದು.