ಅಳಿವೆಬಾಗಿಲು: ಕೆಂಪು ನೀರು ಕಡಲಿಗೆ ಉಣಿಸುವ ಜಾಗ

ಮಂಗಳೂರಿನ ಹಳೆ ಬಂದರಿನಲ್ಲಿ ಫೆರಿ ಹತ್ತಿದರೆ ಸ್ವಲ್ಪ ಹೊತ್ತಿನಲ್ಲೇ ಬೆಂಗ್ರೆ. ಒಂದು ಮಗ್ಗುಲಲ್ಲಿ ಫಲ್ಗುಣಿ, ಇನ್ನೊಂದು ಮಗ್ಗುಲಲ್ಲಿ ಅರಬ್ಬಿ ಸಮುದ್ರ, ನಡುವೆ ಉದ್ದಕ್ಕೆ ಚಾಚಿದ ಮರಳಿನ ಪಟ್ಟಿ. ಅದರ ದಕ್ಷಿಣದ ತುದಿಯೇ ಅಳಿವೆಬಾಗಿಲು. ನೇತ್ರಾವತಿ, ಫಲ್ಗುಣಿ ಎರಡೂ ಕೂಡಿ ಕಡಲು ಸೇರುವುದು ಇಲ್ಲಿ. ಮಳೆ ಹೊಳವಾಗಿದ್ದ ಸೆಪ್ಟೆಂಬರ್ ಬೆಳಿಗ್ಗೆ ಅಲ್ಲಿ ನಿಂತು ನೋಡಿದರೆ ಸಮುದ್ರವನ್ನು ಯಾರೋ ಗೆರೆ ಎಳೆದು ಪಾಲು ಮಾಡಿದಂತಿತ್ತು. ಈಚೆ ಕೆಂಪು ನೀರು, ಆಚೆ ಹಸಿರು. ನಡುವೆ ನೊರೆಯ ಪಟ್ಟೆ, ಅದರುದ್ದಕ್ಕೂ ತೆಂಗಿನ ಗರಿ, ಎಲೆ, ಪ್ಲಾಸ್ಟಿಕ್ ಬಾಟಲಿಗಳು.

ನದಿಯ ಸಿಹಿನೀರು ಹಗುರ, ಕಡಲಿನ ಉಪ್ಪುನೀರು ಭಾರ. ಹಾಗಾಗಿ ಹೊಳೆ ಸಮುದ್ರಕ್ಕೆ ಬಿದ್ದೊಡನೆ ಕರಗಿಹೋಗುವುದಿಲ್ಲ. ತೆಳು ಪದರವಾಗಿ ಮೇಲೇ ಹರಡುತ್ತದೆ, ಗಾಳಿ ಮತ್ತು ಸೆಳೆತ ಎಳೆದತ್ತ ಬಾಗುತ್ತದೆ. ಘಟ್ಟದ ಮಣ್ಣು, ಸಿಲಿಕ, ನೈಟ್ರೇಟ್, ಫಾಸ್ಫೇಟ್ ಎಲ್ಲವೂ ಆ ಪದರದಲ್ಲಿರುತ್ತವೆ.

ಊರಿನ ಇತಿಹಾಸ ದೊಡ್ಡದು. 14ನೇ ಶತಮಾನದಲ್ಲಿ ಇಬ್ನ್ ಬತೂತ ಈ ಬಂದರಿಗೆ ಬಂದಿದ್ದ. ಟಿಪ್ಪು ಕಾಲದ ಸುಲ್ತಾನ್ ಬತ್ತೇರಿ ಫಲ್ಗುಣಿಯ ದಡದಲ್ಲಿ ಇಂದಿಗೂ ಇದೆ. 1970ರ ದಶಕದಲ್ಲಿ ಪಣಂಬೂರಿನ ಹೊಸ ಬಂದರು ತೆರೆದ ಮೇಲೆ ದೊಡ್ಡ ಹಡಗುಗಳು ಅತ್ತ ಹೋದವು, ಅಳಿವೆ ಮೀನು ದೋಣಿಗಳ ಪಾಲಿಗೆ ಉಳಿಯಿತು.

ತೋಟ ಬೆಂಗ್ರೆಯಲ್ಲಿ ಬಲೆ ಹೆಣೆಯುತ್ತಿದ್ದ ಹಿರಿಯರೊಬ್ಬರು ಮಾತಿಗೆ ಸಿಕ್ಕಿದರು. ನಾಡದೋಣಿಯಲ್ಲೇ ಬದುಕು ಸವೆಸಿದವರು. ಕೆಂಪು ನೀರಿನ ಬಗ್ಗೆ ಕೇಳಿದ್ದೇ ತಡ, ಬಲೆ ಪಕ್ಕಕ್ಕಿಟ್ಟರು. "ನೀರು ಕೆಂಪು ಇಳೀಬೇಕು ಮಾರಾಯ್ರೆ. ತೂಫಾನ್ ಆಗ್ಬೇಕು, ಕಡಲು ಅಡಿಮೇಲಾಗ್ಬೇಕು. ಆಮೇಲೆ ನೋಡಿ ಬೂತಾಯಿ ಮೀನು ದಡಕ್ಕೆ ಬರುವುದು. ಮಳೆ ಸರಿ ಇಲ್ಲದ ವರ್ಷ ದೋಣಿ ಇಳಿಸಿ ಎಂಥ ಮಾಡುವುದು?" ಗೆರೆಯ ಯಾವ ಬದಿಗೆ ಬಲೆ ಬಿಡಬೇಕು, ನೊರೆ ಯಾವಾಗ ಒಡೆಯುತ್ತದೆ, ನೀರಿನ ಬಣ್ಣ ನೋಡಿ ಮೀನು ಹೇಗೆ ಊಹಿಸಬೇಕು ಎಂದೆಲ್ಲ ವಿವರಿಸಿದರು. ಈಗಿನ ಹುಡುಗರು ಮೊಬೈಲ್ ನೋಡುತ್ತಾರೆ, ನೀರು ನೋಡುವುದಿಲ್ಲ ಎಂಬ ಬೇಸರವೂ ಇತ್ತು. ಹೂಳಿನ ದೂರಂತೂ ಮುಗಿಯಲೇ ಇಲ್ಲ. ಅಳಿವೆಯಲ್ಲಿ ಮರಳು ತುಂಬಿ ದೋಣಿಗಳು ತಳ ತಾಗುತ್ತವೆ, ತೆಗೆದರೂ ಮತ್ತೆ ಕಟ್ಟಿಕೊಳ್ಳುತ್ತದೆ. "ಅದನ್ನು ಬರೀರಿ ಮೊದಲು" ಎಂದರು. ಬರೆದಿದ್ದೇನೆ. ಜೀವ ಕೈಯಲ್ಲಿ ಹಿಡಿದು ಅಳಿವೆ ದಾಟುವವರ ಮಾತಿಗೆ ಬೆಲೆ ಸಿಗಲೇಬೇಕು.

ಅವರು ಬಣ್ಣದಲ್ಲಿ ಓದುವುದನ್ನು ವಿಜ್ಞಾನಿಗಳು ಸಸ್ಯಪ್ಲವಕಗಳಲ್ಲಿ ಓದುತ್ತಾರೆ. ಇವು ಬೆಳಕು ಉಂಡು ಬದುಕುವ, ಬರಿಗಣ್ಣಿಗೆ ಕಾಣದ ಜೀವಿಗಳು. ನದಿಯ ಬಾಯಲ್ಲೇ ಆಹಾರ ಹೇರಳ, ಆದರೆ ಕೆಸರಿನಿಂದ ಬೆಳಕು ಇಳಿಯದು. ನೆರೆಯ ಸೆಳೆತ ಜೋರಾಗಿದ್ದರೆ ಅವು ದುಪ್ಪಟ್ಟಾಗುವ ಮುನ್ನವೇ ಕೊಚ್ಚಿಹೋಗುತ್ತವೆ. ಸ್ವಲ್ಪ ಆಚೆ ಮಣ್ಣು ತಳಕ್ಕಿಳಿದು ಬೆಳಕು ಸಿಕ್ಕೊಡನೆ ಸಸ್ಯಪ್ಲವಕಗಳ ಒಂದು ಬಗೆಯಾದ ಡಯಾಟಮ್‌ಗಳು ಮುಗಿಬಿದ್ದು ಬೆಳೆಯುತ್ತವೆ. ಅವುಗಳ ಚಿಪ್ಪಿಗೆ ಸಿಲಿಕ ಬೇಕು, ನದಿ ಅದನ್ನು ತಂದಿರುತ್ತದೆ. ಮುಂಗಾರಿನಲ್ಲಿ ಕಡಲಾಳದಿಂದ ಮೇಲೇಳುವ ತಣ್ಣೀರೂ ಗೊಬ್ಬರ ಸೇರಿಸುತ್ತದೆ. ಬೂತಾಯಿ ಸೋಸಿ ತಿನ್ನುವುದು ಹೆಚ್ಚಾಗಿ ಈ ಬೆಳೆಯನ್ನೇ.

ಇನ್ನೂ ಆಚೆ, ಆಹಾರ ತೀರುತ್ತ ಬಂದಲ್ಲಿ ಅತಿ ಚಿಕ್ಕವರ ರಾಜ್ಯ. ಎರಡು ಮೈಕ್ರೋಮೀಟರಿಗಿಂತ ಸಣ್ಣ ದೇಹ, ಗಾತ್ರಕ್ಕೆ ಹೋಲಿಸಿದರೆ ಮೈಯ ಹರವು ದೊಡ್ಡದು. ಹಾಗಾಗಿ ಅಳಿದುಳಿದ ಪೋಷಕಾಂಶವನ್ನೂ ಬಾಚಿಕೊಳ್ಳಬಲ್ಲವು. ಇವುಗಳಲ್ಲಿ ಮುಖ್ಯವಾದ ಸಿನೆಕೊಕಾಕಸ್ ಕಡಲಿನಲ್ಲಿ ಎಲ್ಲೆಡೆ ಇದೆಯೆಂದು ಗೊತ್ತಾದದ್ದೇ 1979ರಲ್ಲಿ, ಅದಕ್ಕೂ ಚಿಕ್ಕದಾದ ಪ್ರೊಕ್ಲೊರೊಕಾಕಸ್ ಬೆಳಕಿಗೆ ಬಂದದ್ದು 1988ರಲ್ಲಿ. ಅದುವರೆಗೆ ಇವು ಪ್ಲವಕದ ಬಲೆಯ ಕಣ್ಣುಗಳಿಂದ ನುಸುಳಿ ಹೋಗುತ್ತಿದ್ದವು. ಸಿನೆಕೊಕಾಕಸ್‌ನಲ್ಲೂ ಬಗೆಗಳಿವೆ. ಕೆಂಪು ಬೆಳಕಿನತ್ತ ಒಲಿದ ಫೈಕೊಸಯನಿನ್ ವರ್ಣಕ ಹೆಚ್ಚಿರುವವು ಅಳಿವೆಯ ಕದಡಿದ ನೀರಿಗೆ ಹೊಂದಿಕೊಂಡರೆ, ಹಸಿರು ಬೆಳಕು ಹೀರುವ ಫೈಕೊಎರಿಥ್ರಿನ್ ಉಳ್ಳವು ತಿಳಿಗಡಲಿಗೆ ಒಗ್ಗುತ್ತವೆ. ಪ್ರೊಕ್ಲೊರೊಕಾಕಸ್ ಸಿಹಿನೀರು ಬೆರೆತತ್ತ ಸಾಮಾನ್ಯವಾಗಿ ಸುಳಿಯುವುದಿಲ್ಲ. ಹೀಗೆ ನದಿಯ ಪದರ ಎಲ್ಲಿವರೆಗೆ ಹರಡಿದೆ ಎಂಬುದೇ ಕಡಲಿನಲ್ಲಿ ಯಾರು ಎಲ್ಲಿ ಬಾಳಬೇಕೆಂದು ಹಂಚುತ್ತದೆ.

ಈ ಹಂಚಿಕೆ ಸುಲಭವಾಗಿ ಕೆಡುತ್ತದೆ. ಅಣೆಕಟ್ಟು ಸಿಲಿಕವನ್ನು ಹಿಡಿದಿಟ್ಟು, ಊರಿನ ಕೊಳಚೆ ನೈಟ್ರೋಜನ್ ಹೆಚ್ಚಿಸಿದರೆ ಡಯಾಟಮ್ ಹಿಂದೆ ಸರಿದು ಬೇರೆ ಪಾಚಿಗಳು ಮುಂದೆ ಬರುತ್ತವೆ. ಡ್ಯಾನ್ಯೂಬ್ ನದಿಯ ಅಣೆಕಟ್ಟುಗಳ ನಂತರ ಕಪ್ಪು ಸಮುದ್ರದಲ್ಲಿ ಹೀಗಾದದ್ದನ್ನು 1997ರಲ್ಲಿ ವಿಜ್ಞಾನಿಗಳು ತೋರಿಸಿಕೊಟ್ಟರು.

ನಮ್ಮಲ್ಲಿ ನೇತ್ರಾವತಿಗೆ ಸೇರುವ ಎತ್ತಿನಹೊಳೆಯ ನೀರನ್ನು ಪೂರ್ವಕ್ಕೆ ತಿರುಗಿಸುವ 24.01 ಟಿಎಂಸಿ ಯೋಜನೆಯ ಮೊದಲ ಹಂತಕ್ಕೆ 2024ರಲ್ಲಿ ಚಾಲನೆ ಸಿಕ್ಕಿತು. ಬಯಲುಸೀಮೆಯ ಬಾಯಾರಿಕೆ ಸುಳ್ಳಲ್ಲ, ಕೋಲಾರದ ಬತ್ತಿದ ಕೆರೆಗಳನ್ನು ಕಂಡವರು ಅದನ್ನು ಅಲ್ಲಗಳೆಯಲಾರರು. ಆದರೆ ಇಂಥ ಯೋಜನೆಗಳ ಚರ್ಚೆಯಲ್ಲಿ ಮತ್ತೆ ಮತ್ತೆ ಕೇಳುವ "ಸಮುದ್ರಕ್ಕೆ ವ್ಯರ್ಥವಾಗಿ ಹರಿಯುವ ನೀರು" ಎಂಬ ಮಾತು ಮಾತ್ರ ಅಳಿವೆಬಾಗಿಲಿನಲ್ಲಿ ನಿಂತವರಿಗೆ ಒಪ್ಪಿಗೆಯಾಗದು. ಆ ನೀರಿಗೆ ಇಲ್ಲಿ ಕೆಲಸವಿದೆ. ನದಿ ನೀರಿನ ಲೆಕ್ಕ ಬರೆಯುವಾಗ ಕುಡಿಯಲು ಇಷ್ಟು, ಗದ್ದೆಗೆ ಇಷ್ಟು ಎನ್ನುವಂತೆ ಕಡಲಿಗೆ ಇಷ್ಟು ಎಂಬ ಸಾಲೂ ಇರಬೇಕು. ಆ ಸಾಲು ತುಂಬುವಾಗ ಬೆಂಗ್ರೆಯವರನ್ನೂ ಕೂರಿಸಿಕೊಂಡು ಕೇಳಬೇಕು.