ಕೈ ಬಿಗಿಯಾದಾಗ ಬಡವಾಗುವುದು ಯಾರ ತಟ್ಟೆ?

ತಿಂಗಳ ಕೊನೆಯ ವಾರ. ಹದಿನಾಲ್ಕು ವರ್ಷದ ಮಗಳನ್ನು ಕರೆದುಕೊಂಡು ತಾಯಿಯೊಬ್ಬರು ಬಂದಿದ್ದರು. ‘ಪುಸ್ತಕ ಹಿಡಿದ್ರೆ ಸಾಕು, ತೂಕಡಿಸ್ತಾಳೆ ಡಾಕ್ಟ್ರೇ. ಒಂದು ಒಳ್ಳೇ ಟಾನಿಕ್ ಬರ್ಕೊಡಿ’ ಎಂಬುದು ಅವರ ಕೋರಿಕೆ. ಹುಡುಗಿಯ ಕಣ್ಣಿನ ಕೆಳರೆಪ್ಪೆ ಬಿಡಿಸಿ ನೋಡಿದೆ. ಬಿಳಿಚಿಕೊಂಡಿತ್ತು. ಪಕ್ಕದಲ್ಲಿ ಕುಳಿತಿದ್ದ ತಾಯಿಯ ರೆಪ್ಪೆ ಇನ್ನೂ ಬಿಳಿ. ‘ನಂಗೇನಾಗಿದೆ ಬಿಡಿ, ನಾನು ಚೆನ್ನಾಗೇ ಇದೀನಿ’ ಎಂದು ಅವರು ಮುಖ ಹಿಂದಕ್ಕೆ ತೆಗೆದುಕೊಂಡರು. ರಕ್ತ ಪರೀಕ್ಷೆ ಮಾಡಿಸಿದಾಗ ಮಗಳ ಹಿಮೋಗ್ಲೋಬಿನ್ 10 ಗ್ರಾಂ, ತಾಯಿಯದು 8. ಇಬ್ಬರಿಗೂ ಇರಬೇಕಾದದ್ದು ಕನಿಷ್ಠ 12.

ನಿನ್ನೆ ಏನೇನು ತಿಂದಿರಿ ಎಂದು ಕೇಳಿದೆ. ಮಕ್ಕಳದು, ಯಜಮಾನರದು, ಅತ್ತೆಯವರದು, ಎಲ್ಲರ ಊಟವನ್ನೂ ಅವರು ಚಾಚೂ ತಪ್ಪದೆ ಹೇಳಿದರು. ‘ನೀವು?’ ಎಂದಾಗ ಸ್ವಲ್ಪ ಹೊತ್ತು ಯೋಚಿಸಬೇಕಾಯಿತು. ‘ಬೆಳಿಗ್ಗೆ ಕಾಫಿ. ಆಮೇಲೆ ಮಿಕ್ಕಿದ್ದು. ರಾತ್ರಿ ಸಾರು ಸಾಲ್ಲಿಲ್ಲ, ಅನ್ನಕ್ಕೆ ಮಜ್ಜಿಗೆ ಹಾಕ್ಕೊಂಡೆ.’

ಇದು ಒಂದು ಮನೆಯ ಕಥೆಯಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ಶೇಕಡ 47.8ರಷ್ಟು ಮಂದಿ ರಕ್ತಹೀನತೆಯಿಂದ ಬಳಲುತ್ತಿದ್ದರು. ಗಂಡಸರಲ್ಲಿ ಈ ಪ್ರಮಾಣ ಸುಮಾರು ಐವರಲ್ಲಿ ಒಬ್ಬರು. ಮುಟ್ಟು, ಹೆರಿಗೆಗಳಲ್ಲಿ ಹೆಂಗಸರ ರಕ್ತ ನಷ್ಟವಾಗುವುದು ಇದಕ್ಕೆ ಒಂದು ಕಾರಣ. ನಷ್ಟವಾದದ್ದನ್ನು ತುಂಬಿಕೊಳ್ಳುವಷ್ಟು ಆಹಾರ ಅವರ ತಟ್ಟೆಗೆ ಬೀಳದಿರುವುದು ಇನ್ನೊಂದು ಕಾರಣ.

ಹಣ ಕಡಿಮೆಯಾದಾಗ ಮನೆಯ ಊಟ ಎಲ್ಲರಿಗೂ ಸಮನಾಗಿ ಕಡಿಮೆಯಾಗುವುದಿಲ್ಲ. ಅನ್ನ ಹಾಗೆಯೇ ಇರುತ್ತದೆ. ಕಾಫಿ, ಟೀ, ಬಿಸ್ಕತ್ತೂ ಇರುತ್ತವೆ. ಮೊದಲು ತೆಳ್ಳಗಾಗುವುದು ಬೇಳೆ, ಆಮೇಲೆ ಸೊಪ್ಪು-ತರಕಾರಿ, ಕೊನೆಗೆ ಎಲ್ಲರಿಗಿಂತ ಹಿಂದೆ ಉಣ್ಣುವವರ ಪಾಲು. ಆದ್ದರಿಂದ ಕಡಿಮೆ ಖರ್ಚಿನಲ್ಲಿ ಸಂಸಾರ ಸಾಗಿಸುವ ಪ್ರಶ್ನೆ ಎರಡು ಭಾಗದ್ದು: ಇರುವ ಹಣದಲ್ಲಿ ಮೊದಲು ಏನನ್ನು ಕೊಳ್ಳಬೇಕು? ಬೇಯಿಸಿದ್ದು ಯಾರಿಗೆ ಎಷ್ಟು ಸಿಗಬೇಕು?

ಬೇಳೆಯ ಲೆಕ್ಕ ಹಾಕಿ ನೋಡಿ

ಆ ತಾಯಿಯ ಮನೆಯಲ್ಲಿ ಐದು ಜನ. ತಿಂಗಳಿಗೆ ತರುತ್ತಿದ್ದದ್ದು ಎರಡು ಕಿಲೊ ತೊಗರಿಬೇಳೆ, ಬೇರೆ ಕಾಳು ಯಾವುದೂ ಇಲ್ಲ. ಭಾಗಿಸಿ ನೋಡಿದರೆ ಒಬ್ಬರಿಗೆ ದಿನಕ್ಕೆ 13 ಗ್ರಾಂ. ಅದರಿಂದ ದೊರೆಯುವ ಸಸಾರಜನಕ, ಅಂದರೆ ಪ್ರೋಟೀನು, ಮೂರೇ ಗ್ರಾಂ. ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕಾಂಶ ಸಂಸ್ಥೆ 2024ರಲ್ಲಿ ಹೊರತಂದ ಆಹಾರ ಮಾರ್ಗಸೂಚಿಯಲ್ಲಿ, ದಿನಕ್ಕೆ 2000 ಕ್ಯಾಲೊರಿ ಬೇಕಿರುವ ಸಸ್ಯಾಹಾರಿಯೊಬ್ಬರ ತಟ್ಟೆಗೆ 85 ಗ್ರಾಂ ಬೇಳೆಕಾಳು ಬೇಕೆಂದಿದೆ. ಎಲ್ಲಿಯ 13, ಎಲ್ಲಿಯ 85!

‘ಅಷ್ಟು ಬೇಳೆ ತರೋಕೆ ದುಡ್ಡೆಲ್ಲಿ ಡಾಕ್ಟ್ರೇ?’ ಎಂದರು. ನ್ಯಾಯವಾದ ಪ್ರಶ್ನೆಯೇ. ಸದ್ಯಕ್ಕೆ ಅರ್ಧದ ಗುರಿ ಇಟ್ಟುಕೊಳ್ಳೋಣ. ಒಬ್ಬರಿಗೆ 40 ಗ್ರಾಂನಂತೆ ಐವರಿಗೆ ತಿಂಗಳಿಗೆ ಆರು ಕಿಲೊ ಬೇಕು. ಎರಡು ಕಿಲೊ ತೊಗರಿಬೇಳೆ ಈಗಾಗಲೇ ಬರುತ್ತಿದೆ. ಉಳಿದ ನಾಲ್ಕು ಕಿಲೊ ತೊಗರಿಯೇ ಆಗಬೇಕೆಂದಿಲ್ಲ. ಹುರುಳಿ, ಅಲಸಂದೆ, ಹೆಸರುಕಾಳು, ಕಡಲೆಕಾಳು, ಇವುಗಳಲ್ಲಿ ಆ ವಾರ ಸಂತೆಯಲ್ಲಿ ಯಾವುದು ಅಗ್ಗವೋ ಅದನ್ನು ತನ್ನಿ. ಸಸಾರಜನಕದಲ್ಲಿ ಇವು ತೊಗರಿಗಿಂತ ತೀರಾ ಕಡಿಮೆಯೇನಲ್ಲ. ಎಲ್ಲದರಲ್ಲೂ ನೂರು ಗ್ರಾಂಗೆ ಸುಮಾರು 19ರಿಂದ 24 ಗ್ರಾಂ ಇದೆ. ಹುರುಳಿಯಲ್ಲಂತೂ ಕಬ್ಬಿಣದ ಅಂಶ, ಸುಣ್ಣದ ಅಂಶ ಎರಡೂ ಚೆನ್ನಾಗಿವೆ. ಹುರುಳಿಯನ್ನು ದನಕ್ಕೂ ಕುದುರೆಗೂ ಹಾಕುತ್ತಾರೆಂದು ಪೇಟೆಯವರು ಮೂಗು ಮುರಿಯುವುದುಂಟು. ಅವುಗಳ ಮೈಕಟ್ಟು ನೋಡಿಯಾದರೂ ಹುರುಳಿಗೆ ಮರ್ಯಾದೆ ಕೊಡಬೇಕು.

ಅಕ್ಕಿ, ರಾಗಿ, ಜೋಳಗಳ ಸಸಾರಜನಕದಲ್ಲಿ ಒಂದು ಕೊರತೆ, ಕಾಳುಗಳದ್ದರಲ್ಲಿ ಇನ್ನೊಂದು ಕೊರತೆ. ಒಟ್ಟಿಗೆ ಉಂಡಾಗ ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ. ಮುದ್ದೆ-ಹುರುಳಿ ಸಾರು, ರೊಟ್ಟಿ-ಕಾಳುಪಲ್ಯ, ಇಡ್ಲಿ, ಗಂಜಿ-ಹೆಸರು, ಹೀಗೆ ನಮ್ಮ ಹಿರಿಯರ ಜೋಡಿಗಳೆಲ್ಲ ಇದೇ ಲೆಕ್ಕದವು. ಮೂರು ಪಾಲು ಧಾನ್ಯಕ್ಕೆ ಒಂದು ಪಾಲು ಕಾಳು ಎಂದು ನೆನಪಿಟ್ಟುಕೊಳ್ಳಿ. ತಿಳಿಸಾರಿನಲ್ಲಿ ತೇಲುವ ನಾಲ್ಕು ಬೇಳೆ ಈ ಲೆಕ್ಕಕ್ಕೆ ಸೇರುವುದಿಲ್ಲ.

ಹಣ ಎಲ್ಲಿಂದ ಬರಬೇಕು?

ಮಕ್ಕಳಿಗೆ ಸಂಜೆ ಹತ್ತು ರೂಪಾಯಿಯ ಎರಡು ಪೊಟ್ಟಣ ಕೊಡಿಸಿದರೆ ತಿಂಗಳಿಗೆ 600 ರೂಪಾಯಿ. ಬಿಸ್ಕತ್ತಾದರೆ ಮೈದಾ, ಸಕ್ಕರೆ, ಎಣ್ಣೆ. ಚಿಪ್ಸಾದರೆ ಎಣ್ಣೆ, ಉಪ್ಪು. ಇವನ್ನು ತಿಂದ ಮಗು ರಾತ್ರಿ ಊಟಕ್ಕೆ ಹಸಿವಿಲ್ಲವೆನ್ನುತ್ತದೆ. ಅದೇ 600 ರೂಪಾಯಿಗೆ ನಿಮ್ಮೂರ ಸಂತೆಯಲ್ಲಿ ಎಷ್ಟು ಕಾಳು, ಎಷ್ಟು ಕಡಲೆಕಾಯಿ ಬೀಜ ಬರುತ್ತದೆಂದು ಒಮ್ಮೆ ಕೇಳಿ ನೋಡಿ.

ಇನ್ನು ಹಾಲಿಗೆ ಬೆರೆಸುವ ಡಬ್ಬಿಯ ಪುಡಿ. ಜಾಹೀರಾತು ನೋಡಿ ತಾಯಂದಿರು ಹೊಟ್ಟೆಬಟ್ಟೆ ಕಟ್ಟಿ ಇದನ್ನು ಕೊಳ್ಳುತ್ತಾರೆ. ಡಬ್ಬಿಯ ಹಿಂಬದಿಯ ಸಣ್ಣ ಅಕ್ಷರಗಳನ್ನು ಓದಿ, ಸಕ್ಕರೆ ಎಷ್ಟಿದೆಯೆಂದು ನೋಡಿ. ಇಂಥ ಪೇಯಗಳನ್ನು ‘ಹೆಲ್ತ್ ಡ್ರಿಂಕ್’ ಎಂಬ ಪಟ್ಟಿಯಲ್ಲಿಟ್ಟು ಮಾರಬಾರದೆಂದು ಕೇಂದ್ರ ಸರ್ಕಾರ ಆನ್‌ಲೈನ್ ಮಾರಾಟಗಾರರಿಗೆ 2024ರ ಏಪ್ರಿಲ್‌ನಲ್ಲಿ ಸೂಚನೆ ಕೊಟ್ಟಿತ್ತು. ಒಂದು ಹಿಡಿ ಹುರಿಗಡಲೆಯಲ್ಲಿ ಆರು ಗ್ರಾಂ ಸಸಾರಜನಕವಿದೆ, ಒಂದು ಮೊಟ್ಟೆಯಲ್ಲೂ ಅಷ್ಟೇ. ಹುರಿಗಡಲೆ, ಹುರಿದ ಕಡಲೆಬೀಜ, ಚೂರು ಬೆಲ್ಲ, ಸಂಜೆಗೆ ಇಷ್ಟು ಸಾಕು. ಬೂಸ್ಟು ಹಿಡಿದ, ಮುದುಡಿದ, ಕಹಿಯಾದ ಕಡಲೆಬೀಜವನ್ನು ಮಾತ್ರ ಉಳಿತಾಯದ ಆಸೆಗೆ ಬಳಸಬೇಡಿ. ಆ ಬೂಸ್ಟಿನ ವಿಷ ಪಿತ್ತಜನಕಾಂಗವನ್ನು ಕೆಡಿಸುತ್ತದೆ.

ಹಣ್ಣೆಂದರೆ ಸೇಬು ಎಂಬ ಭ್ರಮೆಯನ್ನೂ ಬಿಡೋಣ. ‘ಸಿ’ ಜೀವಸತ್ವದಲ್ಲಿ ಸೇಬು ನಮ್ಮ ಸೀಬೆಯ ಹತ್ತಿರಕ್ಕೂ ಬರದು. ನೂರು ಗ್ರಾಂ ಸೀಬೆಯಲ್ಲಿ 200 ಮಿಲಿಗ್ರಾಂ ಇದೆ. ನೆಲ್ಲಿಕಾಯಿಯಲ್ಲಿ ಇನ್ನೂ ಹೆಚ್ಚು. ಪಪ್ಪಾಯಿ, ಬಾಳೆ, ನಿಂಬೆ, ಯಾವ ಕಾಲಕ್ಕೆ ಯಾವುದು ರಾಶಿ ಬೀಳುತ್ತದೋ ಅದೇ ಒಳ್ಳೆಯದು, ಅದೇ ಅಗ್ಗ.

ರಾಗಿ ಮತ್ತು ಸೊಪ್ಪು

ನ್ಯಾಯಬೆಲೆ ಅಂಗಡಿಯ ಅಕ್ಕಿ ಹೊಟ್ಟೆ ತುಂಬಿಸುತ್ತದೆ, ಆ ಉಪಕಾರ ಸಣ್ಣದಲ್ಲ. ಆದರೆ ಮೂರು ಹೊತ್ತೂ ಅಕ್ಕಿಯೇ ಆದರೆ ಮೂಳೆಗೆ ಬೇಕಾದ ಸುಣ್ಣದ ಅಂಶ ಸಿಗುವುದಿಲ್ಲ. ನೂರು ಗ್ರಾಂ ಅಕ್ಕಿಯಲ್ಲಿ ಅದು ಹೆಚ್ಚೆಂದರೆ 10 ಮಿಲಿಗ್ರಾಂ, ರಾಗಿಯಲ್ಲಿ ಸುಮಾರು 350. ರಾಗಿಯ ಸುಣ್ಣವೆಲ್ಲ ಮೈಗೆ ದಕ್ಕುವುದಿಲ್ಲ ಎಂಬುದೂ ನಿಜ. ಹಾಗಾಗಿ ಮಕ್ಕಳಿಗೆ ಹಾಲು-ಮೊಸರನ್ನು ಪೂರ್ತಿ ನಿಲ್ಲಿಸಬೇಡಿ. ಆದರೆ ದಿನಕ್ಕೊಂದು ಹೊತ್ತು ಮುದ್ದೆಯೋ ರೊಟ್ಟಿಯೋ ಅಂಬಲಿಯೋ ಇರಲಿ. ರಾಗಿಯನ್ನು ಮೊಳಕೆ ಬರಿಸಿ, ಒಣಗಿಸಿ, ಹುರಿದು ಬೀಸಿಟ್ಟುಕೊಂಡರೆ ಸತ್ವ ಹೆಚ್ಚು ದಕ್ಕುತ್ತದೆ. ಆರು ತಿಂಗಳು ತುಂಬಿದ ಕೂಸಿಗೆ ಎದೆಹಾಲಿನ ಜೊತೆ ಇದೇ ರಾಗಿ ಸರಿ ಕೊಡಬಹುದು. ಉತ್ತರ ಕರ್ನಾಟಕದವರಿಗೆ ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ ಇವೆ. ಅವರು ಹೊಸದಾಗಿ ಕಲಿಯಬೇಕಾದದ್ದು ಏನೂ ಇಲ್ಲ, ಅನ್ನದ ಮೋಹಕ್ಕೆ ಬಿದ್ದು ಅದನ್ನು ಬಿಡದಿದ್ದರೆ ಸಾಕು. ಕರಾವಳಿಯಲ್ಲಿ ಮೀನು ತಿನ್ನುವವರಿಗೆ ಬೂತಾಯಿ, ಬಂಗುಡೆಗಳು ಹೇರಳವಾಗಿ ಸಿಗುವ ದಿನಗಳಲ್ಲಿ ದುಬಾರಿ ಅಂಜಲ್ ಬೇಕಾಗಿಯೇ ಇಲ್ಲ.

ಸೊಪ್ಪಿನಷ್ಟು ಅಗ್ಗದ ಔಷಧಿ ಬೇರೊಂದಿಲ್ಲ. ದಂಟು, ಹರಿವೆ, ಮೆಂತ್ಯ, ಹೊನಗೊನೆ, ನುಗ್ಗೆ, ದಿನಕ್ಕೊಂದು ಬಗೆ ಇರಲಿ. ಹಿತ್ತಲಲ್ಲಿ ಮೂರಡಿ ಜಾಗವಿದ್ದರೆ ನುಗ್ಗೆಯ ಕೊಂಬೆ ನೆಡಿ. ಕಾಯಿಗಿಂತ ಸೊಪ್ಪೇ ಹೆಚ್ಚು ಪುಷ್ಟಿಕರ. ಹೊಲದಲ್ಲಿ ಸಿಗುವ ಬೆರಕೆ ಸೊಪ್ಪನ್ನು ಗುರುತಿಸಬಲ್ಲ ಅಜ್ಜಿ ಮನೆಯಲ್ಲಿದ್ದರೆ ಮೊಮ್ಮಕ್ಕಳಿಗೂ ಕಲಿಸಲಿ. ಚರಂಡಿ ನೀರಿನಲ್ಲಿ ಬೆಳೆದ ಸೊಪ್ಪು ಮಾತ್ರ ಬೇಡ.

ಒಲೆಯ ಮೇಲೆ ಉಳಿಸುವುದು

ದುಡ್ಡು ಕೊಟ್ಟು ತಂದ ಸತ್ವವನ್ನು ನಾವೇ ಚರಂಡಿಗೆ ಚೆಲ್ಲುತ್ತೇವೆ. ಅಕ್ಕಿಯನ್ನು ನಾಲ್ಕೈದು ಸಲ ತೊಳೆದರೆ, ಗಂಜಿ ಬಸಿದು ಚೆಲ್ಲಿದರೆ, ‘ಬಿ’ ಗುಂಪಿನ ಜೀವಸತ್ವಗಳು ನೀರಿನೊಡನೆ ಹೋಗುತ್ತವೆ. ತರಕಾರಿಯನ್ನು ಹೆಚ್ಚಿದ ಮೇಲೆ ತೊಳೆಯಬೇಡಿ, ತೊಳೆದು ಹೆಚ್ಚಿ. ಪಾತ್ರೆಯ ಬಾಯಿ ಮುಚ್ಚಿ ಬೇಯಿಸಿ.

ಈ ಜಾಣ್ಮೆಗೆ ನಮ್ಮ ಬಸ್ಸಾರಿಗಿಂತ ಉದಾಹರಣೆ ಬೇಕೆ? ಕಾಳನ್ನೂ ಸೊಪ್ಪನ್ನೂ ಬೇಯಿಸಿ, ಬಸಿದ ನೀರಿಗೆ ಖಾರ ಹಾಕಿದರೆ ಸಾರು. ಉಳಿದದ್ದಕ್ಕೆ ಒಗ್ಗರಣೆ ಕೊಟ್ಟರೆ ಪಲ್ಯ. ಒಂದೇ ಪಾತ್ರೆ, ಎರಡು ಅಡುಗೆ, ಒಂದು ಹನಿಯೂ ನಷ್ಟವಿಲ್ಲ.

ಕಾಳನ್ನು ರಾತ್ರಿ ನೆನೆಹಾಕಿ, ಬೆಳಿಗ್ಗೆ ನೀರು ಬಸಿದು ಬಟ್ಟೆಯಲ್ಲಿ ಕಟ್ಟಿಟ್ಟರೆ ಮರುದಿನಕ್ಕೆ ಮೊಳಕೆ. ಇದರಿಂದ ‘ಸಿ’ ಜೀವಸತ್ವ ಹೆಚ್ಚುತ್ತದೆ, ಕಬ್ಬಿಣವನ್ನು ಹಿಡಿದಿಟ್ಟುಕೊಳ್ಳುವ ಅಂಶ ಕಡಿಮೆಯಾಗುತ್ತದೆ, ಬೇಗ ಬೇಯುವುದರಿಂದ ಗ್ಯಾಸೂ ಉಳಿಯುತ್ತದೆ. ಸಾರು ಒಲೆಯಿಂದ ಇಳಿಸಿದ ಮೇಲೆ ನಿಂಬೆರಸ ಹಿಂಡಿ. ಸೊಪ್ಪು-ಕಾಳುಗಳ ಕಬ್ಬಿಣ ರಕ್ತಕ್ಕೆ ಸೇರಲು ಹುಳಿಯ ಆಸರೆ ಬೇಕು. ಊಟದ ಜೊತೆಗೋ ಊಟವಾದ ಕೂಡಲೇ ಕುಡಿಯುವ ಟೀ, ಕಾಫಿ ಇದಕ್ಕೆ ತದ್ವಿರುದ್ಧ. ಕಬ್ಬಿಣ ಸೇರದಂತೆ ತಡೆಯುತ್ತವೆ. ಊಟಕ್ಕೂ ಟೀಗೂ ಒಂದು ಗಂಟೆ ಅಂತರವಿರಲಿ. ಇದಕ್ಕೆ ಒಂದು ಪೈಸೆಯೂ ಖರ್ಚಿಲ್ಲ.

ಒಂದು ದಿನದ ಮಾದರಿ

ಬೆಳಿಗ್ಗೆ: ರಾಗಿ ರೊಟ್ಟಿ, ಕಡಲೆಬೀಜದ ಚಟ್ನಿ. ಅಥವಾ ಇಡ್ಲಿ, ಚಟ್ನಿ.

ಮಧ್ಯಾಹ್ನ: ಅನ್ನ, ಮೊಳಕೆ ಹುರುಳಿ ಸಾರು, ಸೊಪ್ಪಿನ ಪಲ್ಯ, ಮಜ್ಜಿಗೆ. ಸರ್ಕಾರಿ ಶಾಲೆಗೆ ಹೋಗುವ ಮಕ್ಕಳು ಅಲ್ಲಿಯ ಬಿಸಿಯೂಟ, ಹಾಲು, ಮೊಟ್ಟೆ ಅಥವಾ ಬಾಳೆಹಣ್ಣನ್ನು ಸಂಕೋಚವಿಲ್ಲದೆ ತಿನ್ನಲಿ.

ಸಂಜೆ: ಹುರಿಗಡಲೆ-ಬೆಲ್ಲ, ಅಥವಾ ಬೇಯಿಸಿದ ಕಡಲೆಕಾಯಿ, ಒಂದು ಸೀಬೆ ಅಥವಾ ಬಾಳೆಹಣ್ಣು.

ರಾತ್ರಿ: ಮುದ್ದೆ ಅಥವಾ ಜೋಳದ ರೊಟ್ಟಿ, ಬಸ್ಸಾರು, ಪಲ್ಯ. ತಿನ್ನುವವರಿಗೆ ವಾರಕ್ಕೆ ಎರಡು-ಮೂರು ದಿನ ಮೊಟ್ಟೆ.

ಸಕ್ಕರೆ ಕಾಯಿಲೆ, ಮೂತ್ರಪಿಂಡದ ತೊಂದರೆ ಇರುವವರು ತಮ್ಮ ವೈದ್ಯರನ್ನು ಕೇಳಿ ಬದಲಾಯಿಸಿಕೊಳ್ಳಬೇಕು.

ಬಡಿಸುವ ಕ್ರಮ

ಇಷ್ಟೆಲ್ಲ ಮಾಡಿಯೂ ಪಾತ್ರೆಯ ತಳದ ಕಾಳು ಮುಗಿದ ಮೇಲೆ ಮನೆಯೊಡತಿ ಊಟಕ್ಕೆ ಕುಳಿತರೆ ಫಲವೇನು? ಅತಿಥಿ ಸತ್ಕಾರ, ಹಿರಿಯರ ಗೌರವ ಎಲ್ಲವೂ ಇರಲಿ. ಆದರೆ ಎಲ್ಲರೂ ಒಟ್ಟಿಗೆ ಕುಳಿತು ಉಣ್ಣಿ. ಅದು ಆಗದಿದ್ದರೆ ಬಡಿಸಲು ತೊಡಗುವ ಮೊದಲೇ ಕೊನೆಗೆ ಉಣ್ಣುವವರ ಕಾಳು-ಪಲ್ಯವನ್ನು ಒಂದು ಬಟ್ಟಲಿಗೆ ತೆಗೆದು ಮುಚ್ಚಿಡಿ. ಬೆಳೆಯುವ ಹೆಣ್ಣುಮಕ್ಕಳಿಗೆ, ಬಸುರಿಯರಿಗೆ, ಬಾಣಂತಿಯರಿಗೆ ಈ ಪಾಲು ತಪ್ಪಲೇಬಾರದು. ಗರ್ಭಿಣಿ, ಬಾಣಂತಿಯರು ಅಂಗನವಾಡಿಯಲ್ಲಿ ಸಿಗುವ ಪೂರಕ ಆಹಾರವನ್ನು ಬಿಡಬಾರದು.

ಆದರೆ ಒಂದು ಮಾತು. ರಕ್ತಹೀನತೆ ಆಗಲೇ ಬಂದಿದ್ದರೆ ಊಟವೊಂದರಿಂದಲೇ ಅದು ವಾಸಿಯಾಗುವುದಿಲ್ಲ. ಸರ್ಕಾರಿ ಆಸ್ಪತ್ರೆ, ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಕಬ್ಬಿಣದ ಮಾತ್ರೆ ಉಚಿತ. ಮಲ ಕಪ್ಪಾಯಿತೆಂದು ಹೆದರಿ ನಿಲ್ಲಿಸಬೇಡಿ, ಅದು ಸಹಜ. ಜಂತುಹುಳುವಿನ ಮಾತ್ರೆಯನ್ನೂ ವೈದ್ಯರನ್ನು ಕೇಳಿ ತೆಗೆದುಕೊಳ್ಳಿ. ಏದುಸಿರು, ಕಾಲು ಊತ, ಮುಟ್ಟಿನಲ್ಲಿ ಅತಿ ರಕ್ತಸ್ರಾವ ಇದ್ದರೆ ತಡಮಾಡದೆ ತೋರಿಸಿ.

ಆ ತಾಯಿ-ಮಗಳಿಗೆ ನಾನು ಟಾನಿಕ್ ಬರೆಯಲಿಲ್ಲ. ಇಬ್ಬರಿಗೂ ಮಾತ್ರೆ, ಜೊತೆಗೆ ಒಂದು ಸಾಮಾನಿನ ಪಟ್ಟಿ ಬರೆದುಕೊಟ್ಟೆ. ಡಬ್ಬಿಯ ಪುಡಿ, ಬಿಸ್ಕತ್ತು ಹೊಡೆದು ಹಾಕಿ ಆ ಜಾಗದಲ್ಲಿ ಹುರುಳಿ, ಅಲಸಂದೆ, ಕಡಲೆಬೀಜ. ಮೂರು ತಿಂಗಳ ನಂತರ ಬಂದಾಗ ತಾಯಿಯ ಹಿಮೋಗ್ಲೋಬಿನ್ 11ಕ್ಕೆ ಏರಿತ್ತು, ಮಗಳದು 12 ದಾಟಿತ್ತು. ಮಾತ್ರೆ ಮುಂದುವರಿಸಬೇಕೆಂದು ಹೇಳಿದೆ. ‘ಖರ್ಚು ಹೆಚ್ಚಾಯ್ತೇನಮ್ಮಾ?’ ಎಂದು ಕೇಳಿದ್ದಕ್ಕೆ ಅವರು ನಕ್ಕು, ‘ಖರ್ಚು ಅಷ್ಟೇ ಇದೆ ಡಾಕ್ಟ್ರೇ. ಈಗ ನಮ್ಮತ್ತೇನೇ ನನ್ನ ಬಟ್ಟಲು ಮೊದ್ಲು ತೆಗೆದಿಡ್ತಾರೆ’ ಎಂದರು.

ಇವತ್ತು ರಾತ್ರಿ ನಿಮ್ಮ ಮನೆಯಲ್ಲಿ ಎಲ್ಲರ ಊಟವಾದ ಮೇಲೆ, ಕೊನೆಗೆ ಕುಳಿತವರ ತಟ್ಟೆಯಲ್ಲಿ ಕಾಳೆಷ್ಟಿದೆ, ಸೊಪ್ಪೆಷ್ಟಿದೆ ಎಂದು ಒಮ್ಮೆ ನೋಡಿ. ನಿಮ್ಮ ನಾಳಿನ ಸಂತೆಯ ಚೀಟಿ ಅಲ್ಲಿಂದ ಶುರುವಾಗಲಿ.