ಮೋಟಾರ್ ಸೈಕಲ್ಲಿನ ಒಂಟಿ ಕಾಲು

ಶಾಮನೂರಾಗಲಿ ಹರಿಹರವಾಗಲಿ, ಮಳೆಗಾಲದಲ್ಲಿ ಡಾಂಬರು ರಸ್ತೆ ಬಿಟ್ಟು ಎರೆಮಣ್ಣಿನ ಹೊಲದ ದಾರಿಗೆ ಇಳಿದವರಿಗೆ ಈ ತೊಂದರೆ ಪರಿಚಿತ. ಮೋಟಾರ್ ಸೈಕಲ್ಲನ್ನು ಸೈಡ್ ಸ್ಟ್ಯಾಂಡಿನ ಮೇಲೆ ನಿಲ್ಲಿಸಿ ಹೋಗಿ ಬರುವುದರೊಳಗೆ ಕಾಲು ಮಣ್ಣಿನಲ್ಲಿ ಹೂತು, ವಾಹನ ಮಗ್ಗುಲಾಗಿರುತ್ತದೆ. ಪಕ್ಕದಲ್ಲಿ ಆಡುವ ಮಗುವಿದ್ದರೆ ಗತಿಯೇನು? ಇದಕ್ಕೆ ಮನೆಯಲ್ಲೇ ಮಾಡಿಕೊಳ್ಳಬಹುದಾದ ಉಪಾಯವೊಂದಿದೆ.

ಕಾಲು ಹೂಳುವುದು ಭಾರದಿಂದ ಮಾತ್ರವಲ್ಲ, ಆ ಭಾರ ಕಿರಿದಾದ ಜಾಗದ ಮೇಲೆ ಬೀಳುವುದರಿಂದ. ಸ್ಟ್ಯಾಂಡಿನ ಪಾದದ ಮೇಲೆ 30 ಕಿಲೋ ಭಾರವಿದೆ, ಪಾದದ ಅಳತೆ 10 ಚದರ ಸೆಂಟಿಮೀಟರ್ ಎಂದುಕೊಳ್ಳೋಣ. ಆಗ ಒಂದೊಂದು ಚದರ ಸೆಂಟಿಮೀಟರಿನ ಮೇಲೂ 3 ಕಿಲೋ ಒತ್ತಡ ಬೀಳುತ್ತದೆ. ಪಾದದ ಕೆಳಗೆ 8 ಸೆಂಟಿಮೀಟರ್ ಉದ್ದ, 6 ಸೆಂಟಿಮೀಟರ್ ಅಗಲದ ಕಬ್ಬಿಣದ ತಟ್ಟೆ ಕೂರಿಸಿದರೆ ಅದೇ ಒತ್ತಡ ಮುಕ್ಕಾಲು ಕಿಲೋಗಿಂತಲೂ ಕಡಿಮೆಯಾಗುತ್ತದೆ.

ಹರಿಹರದಲ್ಲಿ 1941ರಲ್ಲಿ ಆರಂಭವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಲೇತುಗಳನ್ನು ತಯಾರಿಸುತ್ತಿತ್ತು. ಕಬ್ಬಿಣದ ಕೆಲಸ ಈ ಸೀಮೆಗೆ ಹೊಸದಲ್ಲ. ಅಳೆದು ನೋಡಿದ ಮೇಲೆಯೇ ಕೊಯ್ಯಬೇಕೆಂಬ ಅಲ್ಲಿನ ಶಿಸ್ತು ನಮಗೂ ಇರಲಿ. ಮೊದಲು ರಟ್ಟಿನಲ್ಲಿ ತಟ್ಟೆಯ ಮಾದರಿ ಕತ್ತರಿಸಿ ಪಾದಕ್ಕೆ ದಾರದಿಂದ ಕಟ್ಟಿರಿ. ಇನ್ನೊಬ್ಬರು ವಾಹನವನ್ನು ನೆಟ್ಟಗೆ ಹಿಡಿದುಕೊಂಡಿರಲಿ. ಸ್ಟ್ಯಾಂಡನ್ನು ಮಡಚಿದಾಗ ರಟ್ಟು ಚೈನಿಗಾಗಲಿ, ಸೈಲೆನ್ಸರಿಗಾಗಲಿ, ಗೇರಿನ ಪೆಡಲಿಗಾಗಲಿ ತಗಲಬಾರದು. ತಗಲಿದರೆ ಅಳತೆ ತಗ್ಗಿಸಿರಿ.

ಆಮೇಲೆ 5 ಮಿಲಿಮೀಟರ್ ದಪ್ಪದ ತಟ್ಟೆ ಕೊಯ್ದು, ಮೂಲೆಗಳನ್ನು ಅರದಿಂದ ಉಜ್ಜಿ ದುಂಡಗೆ ಮಾಡಿರಿ. ಪಾದದ ಮೇಲುಗಡೆ ಎರಡು ಕಿರುಪಟ್ಟಿಗಳನ್ನಿಟ್ಟು, ಪಾದದ ಅಂಚಿಗೆ ಒತ್ತಿಕೊಂಡಂತೆ ನಾಲ್ಕು ಬೋಲ್ಟುಗಳನ್ನು ಹಾಕಿ, ಸ್ಪ್ರಿಂಗ್ ವಾಷರ್ ಕೊಟ್ಟು ಬಿಗಿಯಿರಿ. ಬೋಲ್ಟಿನ ತಲೆ ತಟ್ಟೆಯೊಳಗೆ ಅಡಗಿರಲಿ. ಬೆಸುಗೆಯೇ ಬೇಕೆಂದರೆ ಸ್ಟ್ಯಾಂಡನ್ನು ಬಿಚ್ಚಿ ವೆಲ್ಡಿಂಗ್ ಅಂಗಡಿಗೆ ಒಯ್ಯುವುದೇ ಲೇಸು.

ಇಲ್ಲೊಂದು ಎಚ್ಚರಿಕೆ. ತಟ್ಟೆ ದಪ್ಪವಾದಷ್ಟೂ ಕಾಲು ಉದ್ದವಾಗಿ, ವಾಹನ ಹೆಚ್ಚು ನೆಟ್ಟಗೆ ನಿಲ್ಲುತ್ತದೆ. 5 ಮಿಲಿಮೀಟರಿಗೆ ಸುಮಾರು ಒಂದು ಡಿಗ್ರಿ ವಾಲು ಕಡಿಮೆಯಾಗುತ್ತದೆ. ತೀರ ನೆಟ್ಟಗಾದರೆ ಒಂದು ಗಾಳಿಯ ಹೊಡೆತಕ್ಕೇ ಅದು ಬಲಕ್ಕೆ ಉರುಳೀತು. ಆದ್ದರಿಂದ ಸಮನೆಲದ ಮೇಲೆ ನಿಲ್ಲಿಸಿ, ಎಡಗಡೆಯಿಂದ ಮೆಲ್ಲಗೆ ತಳ್ಳಿ ನೋಡಿರಿ. ಸುಲಭವಾಗಿ ಎದ್ದುಬಂದರೆ ಇನ್ನೂ ತೆಳುವಾದ ತಟ್ಟೆ ಹಾಕಿರಿ.

ತಟ್ಟೆಯ ತೂಕವನ್ನು ಸ್ಪ್ರಿಂಗೂ ಹೊರಬೇಕು. ಮಡಚಿದ ಕಾಲನ್ನು ಕೈಯಿಂದ ಅಲುಗಾಡಿಸಿದರೆ ಅದು ಕೆಳಕ್ಕೆ ಜಾರಬಾರದು. ಓಡುವಾಗ ಕಾಲು ಇಳಿದು ಎಡತಿರುವಿನಲ್ಲಿ ನೆಲಕ್ಕೆ ತಗುಲಿದರೆ ಸವಾರನೇ ಉರುಳುತ್ತಾನೆ. ಸಡಿಲವಾದ ಸ್ಪ್ರಿಂಗನ್ನು ಕತ್ತರಿಸಿ ಗಿಡ್ಡ ಮಾಡದೆ, ಅದೇ ಮಾದರಿಯ ಹೊಸದನ್ನು ಹಾಕಿರಿ. ಕಾಲು ಇಳಿದಿರುವಾಗ ಗೇರಿನಲ್ಲಿ ಎಂಜಿನನ್ನು ನಿಲ್ಲಿಸುವ ಸ್ವಿಚ್ ಈಚಿನ ಅನೇಕ ವಾಹನಗಳಲ್ಲಿದೆ. ಅದನ್ನು ಕಳಚುವ ಗೋಜಿಗೆ ಹೋಗಬೇಡಿರಿ. ವಾರದ ನಂತರ ಬೋಲ್ಟುಗಳನ್ನು ಮತ್ತೊಮ್ಮೆ ಬಿಗಿದುಕೊಂಡರೆ ಕೆಲಸ ಮುಗಿಯಿತು.